ಹದಿನಾರು ಬೈಟ್‌ಗಳ ಜಾಗ: ಬ್ಯಾಕಪ್ ನೋಡಿಕೊಳ್ಳುವ ಗೆಳೆಯರಿಗೆ ಬಹಿರಂಗ ಪತ್ರ



ಕಾಲೇಜಿನ ಕಂಪ್ಯೂಟರ್ ವಿಭಾಗ, ಆಸ್ಪತ್ರೆಯ ಇಡಿಪಿ ಸೆಕ್ಷನ್, ಸಹಕಾರಿ ಬ್ಯಾಂಕು, ಪತ್ರಿಕಾ ಕಚೇರಿ, ಎರಡು ಕೋಣೆಯ ಸಾಫ್ಟ್‌ವೇರ್ ಕಂಪನಿ. ಎಲ್ಲೇ ಕೆಲಸದಲ್ಲಿರಿ, ರಾತ್ರಿ ಹೊತ್ತು ತಾನಾಗಿ ಓಡುವ ಬ್ಯಾಕಪ್ಪಿಗೆ ಹೊಣೆಗಾರರಾದ ನಿಮ್ಮೆಲ್ಲರನ್ನೂ ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ನಿಮ್ಮಲ್ಲಿ ಹಲವರ ಹುದ್ದೆಗೆ ಬೇರೆಯೇ ಹೆಸರಿರುತ್ತದೆ. ಪ್ರಿಂಟರ್ ಕೆಟ್ಟರೂ ನಿಮ್ಮನ್ನೇ ಕರೆಯುತ್ತಾರೆ, ವೈಫೈ ನಿಂತರೂ ನಿಮ್ಮನ್ನೇ ಕೇಳುತ್ತಾರೆ. ಬ್ಯಾಕಪ್ ಸರಿಯಾಗಿ ನಡೆಯುತ್ತಿರುವಷ್ಟು ದಿನ ಆ ಕೆಲಸವೊಂದಿದೆ ಎಂಬುದೇ ಯಾರಿಗೂ ನೆನಪಿರುವುದಿಲ್ಲ.

ಒಂದು ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ನಿಮ್ಮ ಬ್ಯಾಕಪ್ ಯಂತ್ರದಲ್ಲಿರುವ ಆರ್‌ಸಿಂಕ್ 2025ರ ಜನವರಿ 14ರ ನಂತರ ಅಪ್‌ಡೇಟ್ ಆಗಿದೆಯೇ?

ಈ ಪ್ರಶ್ನೆ ಕೇಳಿದಾಗ ಸಾಮಾನ್ಯವಾಗಿ ಸಿಗುವ ಉತ್ತರ ನಿಮಗೂ ಗೊತ್ತು. "ವೆಬ್ ಸರ್ವರ್‌ಗೆಲ್ಲ ಪ್ಯಾಚ್ ಹಾಕಿದ್ದೀವಿ. ಬ್ಯಾಕಪ್ ಮಷೀನು ಚೆನ್ನಾಗಿ ಓಡ್ತಾ ಇದೆಯಲ್ಲ, ಅದನ್ನ ಯಾಕೆ ಮುಟ್ಟೋದು?" ಈ ಮಾತಿನ ಹಿಂದಿರುವ ಭಯ ನನಗೆ ಅರ್ಥವಾಗುತ್ತದೆ. ಬ್ಯಾಕಪ್ ಎಂದರೆ ಕೊನೆಯ ಆಸರೆ, ಅದನ್ನು ಕೆಣಕಿ ಕೆಡಿಸಿದರೆ ಹಿಂದೆ ಬೇರೇನೂ ಇಲ್ಲ. ಆದರೆ ಆ ಜನವರಿಯಲ್ಲಿ ಹೊರಬಿದ್ದ ಸಂಗತಿಯನ್ನು ಒಮ್ಮೆ ಪೂರ್ತಿ ತಿಳಿದುಕೊಂಡರೆ, ಪ್ಯಾಚ್ ಹಾಕುವ ಸಾಲಿನಲ್ಲಿ ಬ್ಯಾಕಪ್ ಯಂತ್ರ ಕೊನೆಯಲ್ಲಿ ನಿಲ್ಲಬೇಕೋ ಮೊದಲಲ್ಲಿ ನಿಲ್ಲಬೇಕೋ ಎಂಬುದನ್ನು ನೀವೇ ಮತ್ತೆ ಯೋಚಿಸುತ್ತೀರಿ ಎಂಬ ನಂಬಿಕೆ ನನ್ನದು. ಆ ಸಾಲಿನ ಮೊದಲಲ್ಲಿ ಅದು ನಿಲ್ಲಬೇಕು ಎಂದು ಕೇಳಿಕೊಳ್ಳುವುದಕ್ಕೇ ಈ ಪತ್ರ.

ಆರ್‌ಸಿಂಕ್ ಹುಟ್ಟಿದ್ದು ಆಸ್ಟ್ರೇಲಿಯಾದಲ್ಲಿ. ಆಂಡ್ರ್ಯೂ ಟ್ರಿಜೆಲ್ ಮತ್ತು ಪಾಲ್ ಮೆಕೆರಾಸ್ ಸೇರಿ ಬರೆದ ಈ ತಂತ್ರಾಂಶ 1996ರ ಜೂನ್ 19ರಂದು ಮೊದಲು ಪ್ರಕಟವಾಯಿತು. ಟ್ರಿಜೆಲ್ ಅವರು ಆಸ್ಟ್ರೇಲಿಯನ್ ನ್ಯಾಷನಲ್ ಯೂನಿವರ್ಸಿಟಿಗೆ 1999ರಲ್ಲಿ ಸಲ್ಲಿಸಿದ ಪಿಎಚ್‌ಡಿ ಪ್ರಬಂಧದಲ್ಲಿಯೂ ಇದರ ಲೆಕ್ಕಾಚಾರವಿದೆ. ಸಾಂಬಾ ತಂತ್ರಾಂಶವನ್ನು ಕೊಟ್ಟವರೂ ಅವರೇ. ನಿಧಾನದ ಲೈನಿನ ಎರಡು ತುದಿಗಳಲ್ಲಿ ಒಂದೇ ಕಡತದ ಎರಡು ಪ್ರತಿಗಳಿದ್ದಾಗ, ಬದಲಾದಷ್ಟನ್ನು ಮಾತ್ರ ಸಾಗಿಸಿ ಎರಡನ್ನೂ ಒಂದೇ ಮಾಡುವುದು ಹೇಗೆ ಎಂಬುದು ಅವರು ಬಿಡಿಸಿದ ಸಮಸ್ಯೆ.

ಬಿಡಿಸಿದ ರೀತಿ ಬಹಳ ಸೊಗಸಾದದ್ದು. ದೋಷ ಕೂಡ ಅದೇ ದಾರಿಯಲ್ಲಿ ನುಸುಳಿದ್ದರಿಂದ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ಹಳೆಯ ಪ್ರತಿ ಇಟ್ಟುಕೊಂಡವನು ತನ್ನ ಕಡತವನ್ನು ಸಮಾನ ತುಂಡುಗಳಾಗಿ ಮಾಡಿಕೊಳ್ಳುತ್ತಾನೆ. ಪ್ರತಿ ತುಂಡಿಗೂ ಎರಡು ಚೆಕ್‌ಸಮ್ ಲೆಕ್ಕ ಹಾಕುತ್ತಾನೆ. ಮೊದಲನೆಯದು ನಾಲ್ಕು ಬೈಟಿನದು. ಅದನ್ನು ಬೇಗ ಲೆಕ್ಕ ಹಾಕಬಹುದು, ಆದರೆ ಅದೊಂದನ್ನೇ ನೆಚ್ಚುವ ಹಾಗಿಲ್ಲ. ಇನ್ನೊಂದು ಉದ್ದನೆಯದು, ಗಟ್ಟಿಯಾದದ್ದು. ಈ ಚೆಕ್‌ಸಮ್‌ಗಳ ಪಟ್ಟಿ ಹೊಸ ಪ್ರತಿ ಇರುವ ಕಡೆಗೆ ಹೋಗುತ್ತದೆ. ಆ ಕಡೆಯವನು ತನ್ನ ಕಡತದ ಮೇಲೆ ಒಂದೊಂದೇ ಬೈಟ್ ಸರಿಯುತ್ತ, ಪಟ್ಟಿಯಲ್ಲಿರುವ ತುಂಡು ಎಲ್ಲಾದರೂ ಸಿಗುತ್ತದೆಯೇ ಎಂದು ನೋಡುತ್ತಾನೆ. ಸಿಕ್ಕಿದರೆ "ಇದು ನಿನ್ನ ಹತ್ತಿರವೇ ಇದೆ" ಎಂದು ತುಂಡಿನ ಸಂಖ್ಯೆ ಕಳಿಸುತ್ತಾನೆ. ಸಿಗದಿದ್ದರೆ ಬೈಟ್‌ಗಳನ್ನೇ ಕಳಿಸುತ್ತಾನೆ.

ಇಲ್ಲಿ ಗಮನಿಸಬೇಕಾದದ್ದು ಒಂದಿದೆ. ನೀವು ಸರ್ವರ್‌ನಿಂದ ಕಡತ ಇಳಿಸಿಕೊಳ್ಳುವಾಗ ಪಟ್ಟಿ ಕಳಿಸುವವರು ನೀವು, ಓದುವುದು ಸರ್ವರ್. ಕೇವಲ ಓದುವ ಅನುಮತಿ ಇದ್ದವನೂ ಸರ್ವರ್‌ನ ಮೆಮೊರಿಯೊಳಗೆ ತಾನು ಆರಿಸಿದ ಬೈಟ್‌ಗಳನ್ನು ಬರೆಸುತ್ತಾನೆ. ವಿನ್ಯಾಸವೇ ಹಾಗಿದೆ, ಅದರಲ್ಲಿ ತಪ್ಪಿಲ್ಲ. ಬರೆಯುವ ಜಾಗದ ಅಳತೆ ಸರಿಯಿದ್ದರಾಯಿತು.

ಆ ಅಳತೆ ಎಡವಿತು. ಗಟ್ಟಿ ಚೆಕ್‌ಸಮ್ ಇಡುವುದಕ್ಕೆ ಪ್ರತಿ ತುಂಡಿನ ದಾಖಲೆಯಲ್ಲಿ ಹದಿನಾರು ಬೈಟ್‌ಗಳ ಜಾಗ ಕಾದಿರಿಸಿತ್ತು. ಮೊದಲು ಬಳಸುತ್ತಿದ್ದ ಎಂಡಿ4ಗೂ 2008ರಲ್ಲಿ ಬಂದ 3.0.0 ಆವೃತ್ತಿಯ ಎಂಡಿ5ಗೂ ಬೇಕಾದದ್ದು ಸರಿಯಾಗಿ ಹದಿನಾರೇ ಬೈಟ್. ವರ್ಷಗಟ್ಟಲೆ ಆ ಜಾಗ ಸಾಕಾಗಿತ್ತು. 2022ರ ಅಕ್ಟೋಬರಿನಲ್ಲಿ 3.2.7 ಬಂದಾಗ, ಸರ್ವರ್‌ನ ಹಿನ್ನೆಲೆಯಲ್ಲಿ ಓಡುತ್ತ ಸಂಪರ್ಕಕ್ಕೆ ಕಾಯುವ ಡೀಮನ್‌ಗೆ ಪಾಸ್‌ವರ್ಡ್ ಕೊಟ್ಟು ಒಳಬರುವ ವಿಧಾನವನ್ನು ಇನ್ನಷ್ಟು ಭದ್ರ ಮಾಡಬೇಕೆಂದು ಎಸ್‌ಎಚ್‌ಎ-256, ಎಸ್‌ಎಚ್‌ಎ-512 ಸೇರಿಸಿದರು. ಎಸ್‌ಎಚ್‌ಎ-512ರ ಉದ್ದ 64 ಬೈಟ್. ಹಾಗಾಗಿ "ಚೆಕ್‌ಸಮ್ ಹೆಚ್ಚೆಂದರೆ ಇಷ್ಟು ಉದ್ದ ಇರಬಹುದು" ಎನ್ನುವ ಗರಿಷ್ಠ ಮಿತಿ ಇಡೀ ಪ್ರೋಗ್ರಾಮಿಗೆ 64 ಆಯಿತು.

ಈಗ ಹೊರಗಿನಿಂದ ಬಂದವನು "ನನ್ನ ಚೆಕ್‌ಸಮ್‌ಗಳ ಉದ್ದ 64 ಬೈಟ್" ಎಂದು ಹೇಳಿದರೆ ಸರ್ವರ್ ಮಿತಿ ನೋಡುತ್ತದೆ. 64 ಎಂಬುದು 64ಕ್ಕಿಂತ ಹೆಚ್ಚಲ್ಲ, ಒಳಗೆ ಬಿಡುತ್ತದೆ. ಆದರೆ ಬರೆಯುವ ಜಾಗ ಇನ್ನೂ ಹಳೆಯ ಹದಿನಾರೇ. ಮನೆಯಲ್ಲಿರುವ ಅತಿ ದೊಡ್ಡ ಕೊಳಗದ ಅಳತೆ ನೋಡಿ ಸರಿಯೆಂದು, ಒಂದು ಸೇರಿನ ಪಾತ್ರೆಗೆ ನಾಲ್ಕು ಸೇರು ಸುರಿದ ಹಾಗೆ. ಉಳಿದ 48 ಬೈಟ್ ಪಕ್ಕದ ದಾಖಲೆಯ ಮೇಲೆ ಚೆಲ್ಲುತ್ತದೆ. ಪಟ್ಟಿಯ ಕೊನೆಯ ದಾಖಲೆಯಾದರೆ ಅದನ್ನೂ ದಾಟಿ, ಹೀಪ್‌ನಲ್ಲಿ ಅದರ ಮುಂದೆ ಏನಿದೆಯೋ ಅದರ ಮೇಲೆ. ಆ 48 ಬೈಟ್‌ಗಳಲ್ಲಿ ಏನಿರಬೇಕೆಂದು ತೀರ್ಮಾನಿಸುವವನು ಪಟ್ಟಿ ಕಳಿಸಿದ ಅಪರಿಚಿತ.

ಇದಕ್ಕೆ ಸಿವಿಇ-2024-12084 ಎಂಬ ಸಂಖ್ಯೆ ಸಿಕ್ಕಿತು. ತೀವ್ರತೆ ಹತ್ತಕ್ಕೆ 9.8. ಗೂಗಲ್ ಕ್ಲೌಡ್‌ನ ಭದ್ರತಾ ಸಂಶೋಧಕರಾದ ಸೈಮನ್ ಸ್ಕ್ಯಾನೆಲ್, ಪೆಡ್ರೊ ಗ್ಯಾಲೆಗೋಸ್, ಜೇಸಿಯಲ್ ಸ್ಪೆಲ್‌ಮನ್ ಇದನ್ನು ಕಂಡುಹಿಡಿದರು. ಪಾಸ್‌ವರ್ಡ್ ಭದ್ರಗೊಳಿಸಲು ಮಾಡಿದ ಬದಲಾವಣೆ, ಪಾಸ್‌ವರ್ಡಿಗೆ ಸಂಬಂಧವೇ ಇಲ್ಲದ ಇನ್ನೊಂದು ಮೂಲೆಯ ಮಿತಿಯನ್ನು ಸಡಿಲಿಸಿಬಿಟ್ಟಿತು. ಬರೆದವರ ಅಜಾಗರೂಕತೆ ಎಂದು ಇದನ್ನು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಸಿ ಭಾಷೆಯಲ್ಲಿ ಹತ್ತಿಪ್ಪತ್ತು ವರ್ಷ ಬೆಳೆದ ಕೋಡಿನಲ್ಲಿ ಒಂದು ಸಂಖ್ಯೆ ಬದಲಾದರೆ, ಆ ಸಂಖ್ಯೆಯನ್ನು ನಂಬಿ ಕೂತ ಎಲ್ಲ ಜಾಗಗಳನ್ನೂ ಮನುಷ್ಯನೇ ನೆನಪಿಟ್ಟುಕೊಳ್ಳಬೇಕು. ಕಂಪೈಲರ್ ತುಟಿ ಬಿಚ್ಚುವುದಿಲ್ಲ.

ಮೆಮೊರಿ ಕೆಡಿಸಿದ ಮಾತ್ರಕ್ಕೆ ಯಂತ್ರ ದಾಳಿಕೋರನ ಕೈಗೆ ಹೋಗುವುದಿಲ್ಲ, ನಿಜ. ಈಗಿನ ಆಪರೇಟಿಂಗ್ ಸಿಸ್ಟಂಗಳು ಪ್ರೋಗ್ರಾಮಿನ ಭಾಗಗಳನ್ನು ಮೆಮೊರಿಯಲ್ಲಿ ಪ್ರತಿ ಸಲವೂ ಬೇರೆ ಬೇರೆ ವಿಳಾಸದಲ್ಲಿಡುತ್ತವೆ. ಎಲ್ಲಿಗೆ ನೆಗೆಯಬೇಕೆಂದು ತಿಳಿಯದ ದಾಳಿಕೋರ ಕತ್ತಲಲ್ಲಿ ತಡಕಾಡಬೇಕಾಗುತ್ತದೆ. ಆದರೆ ಅದೇ ಸಂಶೋಧಕರಿಗೆ ಅದೇ ಚೆಕ್‌ಸಮ್‌ಗಳ ದಾರಿಯಲ್ಲಿ ಇನ್ನೊಂದು ದೋಷ ಸಿಕ್ಕಿತು, ಸಿವಿಇ-2024-12085. ನನ್ನನ್ನು ಹೆಚ್ಚು ಬೆಚ್ಚಿಸಿದ್ದು ಇದೇ. ಎಂಟೇ ಬೈಟಿನ ಚೆಕ್‌ಸಮ್ ಆರಿಸಿಕೊಂಡು "ಉದ್ದ ಒಂಬತ್ತು" ಎಂದು ಸುಳ್ಳು ಹೇಳಿ ನೋಡಿ. ಸರ್ವರ್ ತಾನು ಲೆಕ್ಕ ಹಾಕಿದ ಎಂಟು ಬೈಟನ್ನು ಹೋಲಿಸಿದ ಮೇಲೆ ಒಂಬತ್ತನೆಯದನ್ನೂ ಹೋಲಿಸುತ್ತದೆ. ಅದರ ಕಡೆ ಒಂಬತ್ತನೆಯ ಬೈಟಿನಲ್ಲಿ ಯಾರೂ ಏನನ್ನೂ ಬರೆದಿಲ್ಲ. ಹಿಂದಿನ ಯಾವುದೋ ಕೆಲಸ ಸ್ಟ್ಯಾಕ್‌ನಲ್ಲಿ ಬಿಟ್ಟುಹೋದ ಚೂರು ಅಲ್ಲಿ ಇದೆ. ತುಂಡು ಹೊಂದಿಕೆಯಾದರೆ ಸರ್ವರ್ ಸಂಖ್ಯೆ ಕಳಿಸುತ್ತದೆ, ಆಗದಿದ್ದರೆ ಬೈಟ್‌ಗಳನ್ನು ಕಳಿಸುತ್ತದೆ. ಉತ್ತರ ನೋಡಿದರೆ ಸಾಕು, ಊಹೆ ಸರಿಯೋ ತಪ್ಪೋ ಗೊತ್ತಾಗುತ್ತದೆ. ಹೆಚ್ಚೆಂದರೆ 256 ಊಹೆಗಳಲ್ಲಿ ಒಂದು ಬೈಟ್ ಬಯಲು. ನಂತರ ಉದ್ದ ಹತ್ತು, ಆಮೇಲೆ ಹನ್ನೊಂದು. ಹೀಗೆ ಒಂದೊಂದೇ ಬೈಟ್ ಎತ್ತಿಕೊಂಡರೆ ಅದರಲ್ಲಿ ಮೆಮೊರಿ ವಿಳಾಸಗಳೂ ಇರುತ್ತವೆ.

ಇದಕ್ಕೆ ಯುನಿಕ್ಸ್‌ನ ಒಂದು ಸಹಜ ಗುಣವೂ ಒದಗಿ ಬರುತ್ತದೆ. ತಾನೇ ನಿಂತು ಓಡುವ ಡೀಮನ್ ಪ್ರತಿ ಸಂಪರ್ಕಕ್ಕೂ ತನ್ನದೇ ಒಂದು ಮರಿ ಪ್ರಕ್ರಿಯೆ ಹುಟ್ಟಿಸುತ್ತದೆ. ಮರಿಗಳೆಲ್ಲಕ್ಕೂ ತಾಯಿಯದೇ ಮೆಮೊರಿ ನಕ್ಷೆ. ಇವತ್ತು ಕದ್ದ ವಿಳಾಸ, ಡೀಮನ್ ಮರುಚಾಲೂ ಆಗುವ ತನಕ ನಾಳೆಯ ಸಂಪರ್ಕದಲ್ಲಿಯೂ ನಡೆಯುತ್ತದೆ. ಮರಿ ಸತ್ತರೂ ತಾಯಿ ಇನ್ನೊಂದನ್ನು ಹುಟ್ಟಿಸುತ್ತದೆ. ಎರಡೂ ದೋಷಗಳನ್ನು ಜೋಡಿಸಿದರೆ ಸರ್ವರ್ ಮೇಲೆ ತನಗೆ ಬೇಕಾದ ಕೋಡ್ ಓಡಿಸಬಹುದು. ಅದಕ್ಕೆ ಬೇಕಾದದ್ದು ಪಾಸ್‌ವರ್ಡ್ ಇಲ್ಲದೆ ಓದಲು ಬಿಡುವ ಒಂದು ಮಾಡ್ಯೂಲ್, ಅಂದರೆ ಡೀಮನ್ ಹೊರಗಿನವರಿಗೆ ತೆರೆದಿಟ್ಟ ಒಂದು ಫೋಲ್ಡರ್, ಅಷ್ಟೆ.

ಹಾಗೆ ಓದಲು ಬಿಡುವ ಸರ್ವರ್‌ಗಳು ವಿರಳವೇನಲ್ಲ. ಲಿನಕ್ಸ್ ವಿತರಣೆಗಳ ಮಿರರ್‌ಗಳು 873ನೇ ಪೋರ್ಟ್ ತೆರೆದಿಟ್ಟುಕೊಂಡು ಕಾಯುವುದು ಈ ಸೇವೆಗೆಂದೇ. ಸುದ್ದಿ ಹೊರಬಿದ್ದ ದಿನಗಳಲ್ಲಿ ಶೋಡಾನ್ ಎಂಬ ಹುಡುಕುತಾಣದಲ್ಲಿ ಅಂತರ್ಜಾಲಕ್ಕೆ ತೆರೆದುಕೊಂಡ 6,60,000ಕ್ಕೂ ಹೆಚ್ಚು ಆರ್‌ಸಿಂಕ್ ಸರ್ವರ್ ವಿಳಾಸಗಳು ಕಂಡವು ಎಂದು ತಂತ್ರಜ್ಞಾನ ಪತ್ರಿಕೆಗಳು ವರದಿ ಮಾಡಿದವು. ಅವೆಲ್ಲವೂ ದೋಷವಿದ್ದ ಆವೃತ್ತಿಗಳೇ ಆಗಿದ್ದವು ಎಂದು ಇದರರ್ಥವಲ್ಲ.

ಪರಿಹಾರದ ಬಗ್ಗೆ ಹೇಳುತ್ತೇನೆ, ಏಕೆಂದರೆ ಅದನ್ನು ಓದಿದಾಗ ನನಗೆ ನಿಜಕ್ಕೂ ಗೌರವ ಹುಟ್ಟಿತು. ಹದಿನಾರನ್ನು ಅರವತ್ನಾಲ್ಕು ಮಾಡಿ ಕೈತೊಳೆದುಕೊಳ್ಳಬಹುದಿತ್ತು. ಹಾಗೆ ಮಾಡಲಿಲ್ಲ. ಪ್ರತಿ ದಾಖಲೆಯೊಳಗಿದ್ದ ಆ ಸ್ಥಿರ ಜಾಗವನ್ನೇ ತೆಗೆದುಹಾಕಿ, ಈ ಸಂಪರ್ಕಕ್ಕೆ ನಿಜವಾಗಿ ಆರಿಸಿದ ಚೆಕ್‌ಸಮ್‌ನ ಉದ್ದಕ್ಕೆ ತಕ್ಕಂತೆ ಪ್ರತ್ಯೇಕವಾಗಿ ಜಾಗ ಕೇಳಿ ಪಡೆಯುವಂತೆ ಮಾಡಿದರು. ಹೊರಗಿನವನು ಹೇಳುವ ಉದ್ದವನ್ನೂ ಇಡೀ ಪ್ರೋಗ್ರಾಮಿನ ಗರಿಷ್ಠ ಮಿತಿಯ ಬದಲು ಇದೇ ನಿಜವಾದ ಉದ್ದಕ್ಕೆ ಹೋಲಿಸಿ ನೋಡುವಂತೆ ತಿದ್ದಿದರು. ಮುಂದೆ ಯಾರಾದರೂ ಇನ್ನೂ ಉದ್ದನೆಯ ಚೆಕ್‌ಸಮ್ ಸೇರಿಸಿದರೂ ಜಾಗ ಮತ್ತು ಮಿತಿ ಜೊತೆಜೊತೆಗೇ ಬೆಳೆಯುತ್ತವೆ. ಎರಡನೆಯ ದೋಷಕ್ಕೆ ಸಾಕಾದದ್ದು ಒಂದೇ ಸಾಲು: ಚೆಕ್‌ಸಮ್ ಇಡುವ ಜಾಗವನ್ನು ಬಳಸುವ ಮೊದಲು ಸೊನ್ನೆಯಿಂದ ತುಂಬು.

ಇವೆಲ್ಲ ಸೇರಿ 3.4.0 ಆವೃತ್ತಿ 2025ರ ಜನವರಿ 14ರಂದು ಬಂತು. ದೋಷದ ವಿವರ ಮತ್ತು ಪರಿಹಾರ ಒಂದೇ ದಿನ ಹೊರಬೀಳುವಂತೆ, ವಿತರಣೆಗಳವರಿಗೆ ಮುಂಚೆಯೇ ಗುಟ್ಟಾಗಿ ತಿಳಿಸಿ ಸಿದ್ಧಮಾಡಿಸಿದ್ದರು. ಜೊತೆಗೆ ಒಂದು ಒಳ್ಳೆಯ ಕೆಲಸವನ್ನೂ ಮಾಡಿದರು. ಪ್ರೋಟೊಕಾಲ್ ಸಂಖ್ಯೆಯನ್ನು 31ರಿಂದ 32ಕ್ಕೆ ಏರಿಸಿದರು. ಪ್ರೋಟೊಕಾಲ್‌ಗೆ ಅದರ ಅಗತ್ಯವೇನೂ ಇರಲಿಲ್ಲ. ಡೀಮನ್‌ಗೆ ಸಂಪರ್ಕ ಕೊಟ್ಟ ತಕ್ಷಣ ಅದು ಮೊದಲ ಸಾಲಿನಲ್ಲಿಯೇ ತನ್ನ ಪ್ರೋಟೊಕಾಲ್ ಸಂಖ್ಯೆ ಹೇಳುತ್ತದೆ. ನಿಮ್ಮಂಥವರು ಪೋರ್ಟ್ 873ಕ್ಕೆ ಒಮ್ಮೆ ಟೆಲ್ನೆಟ್ ಮಾಡಿ, 32 ಕಂಡರೆ ಅಪ್‌ಡೇಟ್ ಆಗಿದೆ ಎಂದು ತಿಳಿದುಕೊಳ್ಳಲಿ ಎಂದೇ ಹಾಗೆ ಮಾಡಿದ್ದು. ದೂರದಲ್ಲಿ ಕೂತು ಕೋಡ್ ಬರೆಯುವವರು ಸರ್ವರ್ ಕೋಣೆಯಲ್ಲಿರುವವರನ್ನು ನೆನೆದ ಅಪರೂಪದ ಸಂದರ್ಭ ಇದು.

ಈಗ ನಿಮ್ಮಲ್ಲಿ ಅರ್ಧದಷ್ಟು ಜನ ಹೇಳುವ ಮಾತಿಗೆ ಬರುತ್ತೇನೆ. "ನಾವು ಡೀಮನ್ ಓಡಿಸೋದೇ ಇಲ್ಲ. ಬ್ಯಾಕಪ್ ಮಷೀನೇ ರಾತ್ರಿ ಎಸ್‌ಎಸ್‌ಎಚ್ ಮೂಲಕ ಹೋಗಿ ಡೇಟಾ ಎಳ್ಕೊಂಡು ಬರುತ್ತೆ." ಮೇಲಿನ ಎರಡು ದೋಷಗಳ ಮಟ್ಟಿಗೆ ಇದು ದೊಡ್ಡ ಸಮಾಧಾನವೇ. ಆದರೆ 3.4.0 ತಿದ್ದಿದ್ದು ಒಟ್ಟು ಆರು ದೋಷಗಳನ್ನು, ಮತ್ತು ಅವುಗಳಲ್ಲಿ ಕೆಲವು ಎದುರು ದಿಕ್ಕಿನವು. ಅಲ್ಲಿ ಕೆಟ್ಟದ್ದು ಸರ್ವರ್, ಬಲಿಯಾಗುವುದು ಅದರ ಬಳಿ ಹೋದ ಯಂತ್ರ. 12086 ಸಂಖ್ಯೆಯ ದೋಷದಲ್ಲಿ ಸರ್ವರ್ ತನ್ನ ಸಂಪರ್ಕಕ್ಕೆ ಬಂದ ಯಂತ್ರದ ಕಡತಗಳ ಒಳಗಿರುವುದನ್ನು ಬೈಟ್ ಬೈಟಾಗಿ ತಿಳಿದುಕೊಳ್ಳಬಹುದು. 12087ರಲ್ಲಿ, ನೀವು ಹೇಳಿದ ಫೋಲ್ಡರನ್ನು ದಾಟಿ ಹೊರಗೆ ಎಲ್ಲೋ ಕಡತ ಬರೆಸಬಹುದು. 12088 ಮತ್ತು ಅಲೆಕ್ಸೆಯ್ ಗೋರ್ಬಾನ್ ಎಂಬುವರು ತಿಳಿಸಿದ 12747, ಎರಡೂ ಸಿಂಬಾಲಿಕ್ ಲಿಂಕ್‌ಗಳ ತಪಾಸಣೆಯ ದೋಷಗಳು.

ನಿಮ್ಮ ವ್ಯವಸ್ಥೆಯನ್ನು ಈ ಕಣ್ಣಿನಿಂದ ನೋಡಿ. ಹೊರಜಗತ್ತಿಗೆ ತೆರೆದುಕೊಂಡ ವೆಬ್ ಸರ್ವರ್ ಒಂದು ದಿನ ಯಾರದೋ ವಶವಾಗುತ್ತದೆ ಎಂದುಕೊಳ್ಳೋಣ. ಅದು ಆಗುವಂಥದ್ದೇ. ಅಲ್ಲಿರುವ ಆರ್‌ಸಿಂಕನ್ನು ಅವನು ತನಗೆ ಬೇಕಾದ ಹಾಗೆ ತಿದ್ದಿಟ್ಟು ಸುಮ್ಮನೆ ಕಾಯುತ್ತಾನೆ. ರಾತ್ರಿ ನಿಮ್ಮ ಬ್ಯಾಕಪ್ ಯಂತ್ರ ತಾನಾಗಿಯೇ ಅವನ ಬಾಗಿಲಿಗೆ ಹೋಗುತ್ತದೆ, ಎಷ್ಟೋ ಕಡೆ ರೂಟ್ ಆಗಿಯೇ ಹೋಗುತ್ತದೆ. ನೀವು ಫೈರ್‌ವಾಲ್‌ನಲ್ಲಿ ಒಳಬರುವ ಎಲ್ಲ ದಾರಿ ಮುಚ್ಚಿದ್ದರೂ ಈ ದಾರಿ ಮುಚ್ಚುವ ಹಾಗಿಲ್ಲ, ಏಕೆಂದರೆ ಇದು ನೀವೇ ಹೊರಗೆ ಹೋಗುವ ದಾರಿ. ಶೆಲ್ ಶುರುವಾದಾಗ ಓಡುವ ಒಂದು ಕಡತದ ಮೇಲೆ ಅವನು ಬರೆದರೆ ಬ್ಯಾಕಪ್ ಯಂತ್ರ ಅವನದು. ಆ ಯಂತ್ರದಲ್ಲಿ ಏನಿದೆ? ಇಡೀ ಸಂಸ್ಥೆಯ ಡೇಟಾದ ಪ್ರತಿ, ಮತ್ತು ಉಳಿದ ಪ್ರತಿಯೊಂದು ಸರ್ವರಿಗೂ ಹೋಗುವ ಎಸ್‌ಎಸ್‌ಎಚ್ ಕೀಲಿ. ಸಂಬಳದ ಸರ್ವರಿಗೂ ಪರೀಕ್ಷೆಯ ಅಂಕಗಳ ಸರ್ವರಿಗೂ ನೇರ ದಾರಿ ಇರುವ ಯಂತ್ರ ಇಡೀ ಕಟ್ಟಡದಲ್ಲಿ ಅದೊಂದೇ. ದತ್ತಾಂಶಕ್ಕೆ ಬೀಗ ಹಾಕಿ ಹಣ ಕೇಳುವ ರಾನ್ಸಮ್‌ವೇರ್ ಗುಂಪುಗಳು ಮೊದಲು ಬ್ಯಾಕಪ್ ಎಲ್ಲಿದೆ ಎಂದು ಹುಡುಕುವುದೂ ಇದೇ ಕಾರಣಕ್ಕೆ. ಅದು ಕೈಗೆ ಸಿಕ್ಕರೆ ನಿಮಗೆ ಹಿಂದಿರುಗುವ ದಾರಿಯೇ ಇಲ್ಲ. ನಮ್ಮ ಪ್ಯಾಚ್ ಪಟ್ಟಿಯಲ್ಲಿ ಈ ಯಂತ್ರ ಕೊನೆಗೆ ಬರುತ್ತದೆ ಎಂಬುದು ನನಗೆ ನೋವಿನ ಸಂಗತಿ.

ಇದು ಹೊಸ ಅಪಾಯವೂ ಅಲ್ಲ. 2003ರ ಡಿಸೆಂಬರ್ ಮೊದಲ ವಾರದಲ್ಲಿ ಜೆಂಟೂ ಲಿನಕ್ಸ್‌ಗಾಗಿ ಕೆಲಸ ಮಾಡುತ್ತಿದ್ದ ಒಂದು ಸಾರ್ವಜನಿಕ ಆರ್‌ಸಿಂಕ್ ಸರ್ವರ್ ದಾಳಿಗೆ ತುತ್ತಾಯಿತು. ಆಗಲೂ ಕಾರಣ ಹೀಪ್ ಮೆಮೊರಿ ಮೀರಿ ಬರೆಯುವ ದೋಷವೇ. ಆ ದೋಷದಿಂದ ಒಳಗೆ ಬಂದವರು ಲಿನಕ್ಸ್ ಕರ್ನಲ್‌ನ ಇನ್ನೊಂದು ದೋಷ ಹಿಡಿದು ರೂಟ್ ಆದರು. ಡಿಸೆಂಬರ್ 4ರಂದು 2.5.7 ಆವೃತ್ತಿ ಪರಿಹಾರದೊಂದಿಗೆ ಬಂತು. ಆರ್‌ಸಿಂಕ್ ಒಂದನ್ನೇ ದೂರುವುದೂ ಬೇಡ. 2005ರ ಜೂನ್‌ನಲ್ಲಿ ವೆರಿಟಾಸ್ ಬ್ಯಾಕಪ್ ಎಕ್ಸೆಕ್‌ನ ವಿಂಡೋಸ್ ಏಜೆಂಟ್‌ನಲ್ಲಿ, ಅಳತೆ ಮೀರಿದ ಉದ್ದದ ಪಾಸ್‌ವರ್ಡ್ ಕಳಿಸಿದರೆ ಸ್ಟ್ಯಾಕ್ ಕೆಡುವ ದೋಷ ಬಯಲಾಗಿತ್ತು. ಕೆಲವೇ ದಿನಗಳಲ್ಲಿ ದಾಳಿಗಳು ನಡೆಯುತ್ತಿವೆ ಎಂದು ಅಮೆರಿಕದ ಯುಎಸ್-ಸರ್ಟ್ ಎಚ್ಚರಿಕೆ ಕೊಟ್ಟಿತು. ದುಡ್ಡು ಕೊಟ್ಟು ಕೊಂಡ ತಂತ್ರಾಂಶ, ಉಚಿತ ತಂತ್ರಾಂಶ ಎಂಬ ಭೇದ ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ. ಬ್ಯಾಕಪ್ ತಂತ್ರಾಂಶದ ಕೆಲಸವೇ ಎಲ್ಲವನ್ನೂ ಓದುವುದು, ಹಾಗಾಗಿ ಅದಕ್ಕೆ ಹೆಚ್ಚಿನ ಅಧಿಕಾರ ಕೊಡುತ್ತೇವೆ. ಯಾವ ಯಂತ್ರದಿಂದ ಬೇಕಾದರೂ ಡೇಟಾ ಬರಲಿ ಎಂದು ಪೋರ್ಟನ್ನೂ ತೆರೆದಿಡುತ್ತೇವೆ.

ಇನ್ನು ನಿಮ್ಮ ಯಂತ್ರದಲ್ಲಿ ಏನು ನೋಡಬೇಕು ಎಂಬ ವಿಚಾರ. ಇಲ್ಲಿ ಮೋಸ ಹೋಗುವುದು ಸುಲಭ. ಆವೃತ್ತಿ ಸಂಖ್ಯೆಯೊಂದನ್ನೇ ನೋಡಿ ತೀರ್ಮಾನಿಸಬೇಡಿ. ಡೆಬಿಯನ್ 12ರಲ್ಲಿರುವುದು 3.2.7, ಪರಿಹಾರ ಬಂದ ಮೇಲೂ ಅದು 3.2.7 ಎಂದೇ ಹೇಳುತ್ತದೆ. ವಿತರಣೆಯವರು ಹಳೆಯ ಆವೃತ್ತಿಗೇ ಪ್ಯಾಚ್ ಹೊಲಿದು ಕೊಟ್ಟಿದ್ದಾರೆ. ಪ್ಯಾಕೇಜಿನ ಪೂರ್ತಿ ಹೆಸರಿನ ಬಾಲದಲ್ಲಿ ಡೆಬ್12ಯು1 ಅಥವಾ ಅದಕ್ಕಿಂತ ಮುಂದಿನದು ಇದ್ದರೆ ಪರಿಹಾರ ಬಂದಿದೆ. ಉಬುಂಟು 22.04ರಲ್ಲಿಯೂ ಇದೇ ರೀತಿ, ಪ್ಯಾಕೇಜಿನ ಬದಲಾವಣೆ ದಾಖಲೆ ತೆರೆದು ಸಿವಿಇ ಸಂಖ್ಯೆ ಹುಡುಕುವುದೇ ನಂಬಿಕೆಯ ದಾರಿ.

"ನಮ್ಮದು ಹಳೇ ವರ್ಷನ್, 3.2.7ಕ್ಕಿಂತ ಹಿಂದಿನದು, ನಮಗೆ ತೊಂದರೆ ಇಲ್ಲ" ಎಂಬ ಮಾತು ಅರ್ಧ ನಿಜ. ಹೀಪ್ ಮೀರುವ ದೋಷ ಹಳೆಯದರಲ್ಲಿ ಇಲ್ಲ. ರೆಡ್ ಹ್ಯಾಟ್ 8 ಮತ್ತು 9ರ ಆರ್‌ಸಿಂಕ್ ಆ ದೋಷದಿಂದ ಪಾರಾದದ್ದು ಹಾಗೆಯೇ. ಆದರೆ ಸ್ಟ್ಯಾಕ್‌ನ ಚೂರುಗಳು ಸೋರುವ ದೋಷ ಅವುಗಳಲ್ಲಿಯೂ ಇತ್ತು, ಅದಕ್ಕೆ ಬೇರೆಯೇ ಅಪ್‌ಡೇಟ್ ಬಂತು. ಸೆಂಟ್‌ಓಎಸ್ 7 ಇನ್ನೂ ಓಡುತ್ತಿರುವ ಕೋಣೆಗಳು ಎಷ್ಟಿವೆ ಎಂಬುದು ನಿಮಗೂ ಗೊತ್ತು. ಅದರ ಬೆಂಬಲ 2024ರ ಜೂನ್ 30ಕ್ಕೇ ಮುಗಿದಿದೆ. 2025ರ ಜನವರಿಯ ಪ್ಯಾಚ್ ಅದರ ರೆಪಾಸಿಟರಿಗೆ ಬರುವ ಮಾತೇ ಇರಲಿಲ್ಲ. ಅಂಥ ಯಂತ್ರದಲ್ಲಿ ಬ್ಯಾಕಪ್ ಇದ್ದರೆ ಅದನ್ನು ಬೇರೆಡೆಗೆ ಸಾಗಿಸುವ ಕೆಲಸ ಈ ತಿಂಗಳ ಪಟ್ಟಿಗೆ ಸೇರಲಿ.

ನ್ಯಾಸ್ ಪೆಟ್ಟಿಗೆಗಳನ್ನು ಮರೆಯಬೇಡಿ. ಮೂಲೆಯಲ್ಲಿ ದೀಪ ಮಿನುಗಿಸುತ್ತ ಕೂತ ಅವುಗಳ ಒಳಗೂ ಅನೇಕ ಸಲ ಆರ್‌ಸಿಂಕ್ ಡೀಮನ್ ಇರುತ್ತದೆ, ತಯಾರಕರ ಫರ್ಮ್‌ವೇರ್ ಬಂದರಷ್ಟೇ ಅದು ಬದಲಾಗುತ್ತದೆ. ಬೇರೆ ಬ್ಯಾಕಪ್ ತಂತ್ರಾಂಶದ ಹೊಟ್ಟೆಯೊಳಗೆ ಆರ್‌ಸಿಂಕ್ ಇರುವುದೂ ಉಂಟು. ಆರ್‌ಸ್ನ್ಯಾಪ್‌ಶಾಟ್ ಯಂತ್ರದಲ್ಲಿರುವ ಆರ್‌ಸಿಂಕನ್ನೇ ಕರೆಯುತ್ತದೆ, ಅಲ್ಲಿ ಒಂದನ್ನು ಬದಲಿಸಿದರೆ ಸಾಕು. ಆದರೆ ಬ್ಯಾಕಪ್‌ಪಿಸಿಯ ನಾಲ್ಕನೇ ಆವೃತ್ತಿ ಸರ್ವರ್ ಬದಿಯಲ್ಲಿ, ತನಗಾಗಿ ತಿದ್ದಿಕೊಂಡ ಪ್ರತ್ಯೇಕ ಪ್ರತಿಯನ್ನು ಬಳಸುತ್ತದೆ. ಸಿಸ್ಟಂನ ಆರ್‌ಸಿಂಕ್ ಅಪ್‌ಡೇಟ್ ಆದ ಮಾತ್ರಕ್ಕೆ ಆ ಪ್ರತಿ ಬದಲಾಗುವುದಿಲ್ಲ.

ಪ್ಯಾಕೇಜ್ ಹಾಕಿದ ಮೇಲೆ ಡೀಮನ್ ಮರುಚಾಲೂ ಆಗಿದೆಯೇ ನೋಡಿ. ಕೈಯಾರೆ ಕಂಪೈಲ್ ಮಾಡಿ ಓಡಿಸಿದ ಡೀಮನ್ ಆದರೆ ಡಿಸ್ಕಿನಲ್ಲಿ ಹೊಸತು ಕೂತಿದ್ದರೂ ಮೆಮೊರಿಯಲ್ಲಿ ಹಳೆಯದೇ ಓಡುತ್ತಿರುತ್ತದೆ. ಆಮೇಲೆ ಆರ್‌ಸಿಂಕ್‌ಡಿ ಕಾನ್ಫಿಗ್ ಕಡತ ತೆರೆದು ಮೂರು ಸಂಗತಿ ಓದಿ. ಮಾಡ್ಯೂಲ್‌ಗೆ ಬಳಕೆದಾರರ ಹೆಸರು, ಪಾಸ್‌ವರ್ಡ್ ಇದೆಯೇ? ಯಾವ ಐಪಿಯಿಂದ ಬರಬಹುದು ಎಂದು ಕಟ್ಟು ಹಾಕಿದ್ದೀರಾ? ಯುಐಡಿ ಯಾವುದು? ಡೀಮನ್ ರೂಟ್ ಆಗಿ ಶುರುವಾದರೂ ಮಾಡ್ಯೂಲ್‌ಗಳನ್ನು ನೋಬಡಿ ಎಂಬ ಬಡ ಬಳಕೆದಾರನ ಹೆಸರಿನಲ್ಲಿ ಓಡಿಸುವುದು ಅದರ ಮೂಲ ಸ್ವಭಾವ. ಎಲ್ಲ ಕಡತ ಓದಲು ಬರಲಿ ಎಂದು ಬ್ಯಾಕಪ್‌ನವರೇ ಅದನ್ನು ರೂಟ್ ಎಂದು ಬದಲಿಸಿರುತ್ತೇವೆ. ಬದಲಿಸಲೇಬೇಕಾದ ಸಂದರ್ಭಗಳಿವೆ, ಒಪ್ಪುತ್ತೇನೆ. ಹಾಗಿದ್ದಾಗ ಉಳಿದೆರಡು ಕಟ್ಟುಗಳನ್ನು ಬಿಗಿ ಮಾಡದೆ ಬಿಡಬೇಡಿ. ಅಪ್‌ಡೇಟ್ ಹಾಕಲು ಏನೇ ಮಾಡಿದರೂ ಸಾಧ್ಯವಿಲ್ಲದವರಿಗೆ ಒಂದು ತಾತ್ಕಾಲಿಕ ದಾರಿಯನ್ನೂ ಸೂಚಿಸಿದ್ದರು: ಎಸ್‌ಎಚ್‌ಎ-256, ಎಸ್‌ಎಚ್‌ಎ-512 ಸೌಲಭ್ಯ ತೆಗೆದು ಮರಳಿ ಕಂಪೈಲ್ ಮಾಡುವುದು. ಅದು ಹೀಪ್ ದೋಷವನ್ನು ಮಾತ್ರ ತಡೆಯುತ್ತದೆ.

ಲಾಗ್ ಕೂಡ ಓದಿ. ಡೀಮನ್‌ನ ಮರಿ ಪ್ರಕ್ರಿಯೆಗಳು ಕಾರಣವಿಲ್ಲದೆ ಪದೇ ಪದೇ ಸತ್ತಿದ್ದರೆ, ಗುರುತಿಲ್ಲದ ಐಪಿಯಿಂದ ಒಂದೇ ಕಡತಕ್ಕೆ ನೂರಾರು ಸಲ ಕೋರಿಕೆ ಬಂದಿದ್ದರೆ ಅದು ಕೂಲಂಕಷವಾಗಿ ನೋಡಬೇಕಾದ ವಿಷಯ. 2022ರ ಏಪ್ರಿಲ್ 28ರ, ಭಾರತದ ಸರ್ಟ್-ಇನ್ ಸಂಸ್ಥೆಯ ನಿರ್ದೇಶನದ ಪ್ರಕಾರ ಲಾಗ್‌ಗಳನ್ನು 180 ದಿನ ಇಟ್ಟುಕೊಳ್ಳಬೇಕು, ದಾಳಿ ಗಮನಕ್ಕೆ ಬಂದ ಆರು ಗಂಟೆಯೊಳಗೆ ವರದಿ ಮಾಡಬೇಕು. ಬ್ಯಾಕಪ್ ಯಂತ್ರದ ಲಾಗ್ ವಾರಕ್ಕೊಮ್ಮೆ ಅಳಿಸಿಹೋಗುತ್ತಿದ್ದರೆ ಇವತ್ತೇ ಸರಿಮಾಡಿ.

"ಮುಟ್ಟಿದರೆ ಕೆಡುತ್ತದೆ" ಎಂಬ ಭಯಕ್ಕೆ ಆಧಾರವೇ ಇಲ್ಲ ಎಂದು ನಾನು ಹೇಳುವುದಿಲ್ಲ. 3.4.0 ಬಂದ ಮರುದಿನವೇ, ಜನವರಿ 15ರಂದು, 3.4.1 ಬರಬೇಕಾಯಿತು. ಅವಸರದ ತಿದ್ದುಪಡಿಯಲ್ಲಿ ಒಳಗಿನ ಎರಡು ಗುರುತುಗಳು ಒಂದೇ ಸಂಖ್ಯೆ ಹಂಚಿಕೊಂಡು, ಹಾರ್ಡ್ ಲಿಂಕ್‌ಗಳನ್ನು ಕಾಪಾಡುವ ಎಚ್ ಆಯ್ಕೆ ಕೆಟ್ಟಿತ್ತು. ಈ ಆಯ್ಕೆಯನ್ನು ಹೆಚ್ಚಾಗಿ ಬಳಸುವವರೇ ಬ್ಯಾಕಪ್‌ನವರು. ಡೆಬಿಯನ್ ಕೂಡ ತನ್ನ ಪರಿಹಾರವನ್ನು ಎರಡನೇ ಸಲ ತಿದ್ದಿ, ಯು2 ಎಂಬ ಬಾಲದೊಂದಿಗೆ ಹೊರಡಿಸಿತು. ಅಪ್‌ಡೇಟ್ ಮಾಡಿ ಮರೆತುಬಿಡಿ ಎಂದು ನಾನು ಹೇಳದಿರುವುದು ಇದಕ್ಕೇ. ಅಪ್‌ಡೇಟ್ ಆದ ರಾತ್ರಿಯ ಬ್ಯಾಕಪ್ಪಿನಿಂದ ಮರುದಿನ ಬೆಳಿಗ್ಗೆ ಒಂದು ಫೋಲ್ಡರನ್ನು ಬೇರೆ ಜಾಗಕ್ಕೆ ರಿಸ್ಟೋರ್ ಮಾಡಿ, ಮೂಲದೊಂದಿಗೆ ಹೋಲಿಸಿ. ಕಡತಗಳ ಸಂಖ್ಯೆ, ಮಾಲೀಕತ್ವ, ಹಾರ್ಡ್ ಲಿಂಕ್ ಎಲ್ಲ ಸರಿ ಇವೆಯೇ ನೋಡಿ. "ಮುಟ್ಟಬೇಡ" ಎನ್ನುವ ಭಯ ಬಹುಪಾಲು ರಿಸ್ಟೋರ್ ಮಾಡಿ ನೋಡದ ಕಡೆಗಳಲ್ಲಿಯೇ ಬಲವಾಗಿರುತ್ತದೆ. ನೋಡುವ ಅಭ್ಯಾಸ ಇರುವವರು ಒಂದು ಕೆಟ್ಟ ಅಪ್‌ಡೇಟನ್ನು ಬೆಳಗಾಗುವುದರೊಳಗೆ ಹಿಡಿದು ಹಿಂದಕ್ಕೆ ಹಾಕುತ್ತಾರೆ.

ಒಂದು ಮಾತು ಈ ತಂತ್ರಾಂಶ ಕಾಪಾಡಿದವರ ಬಗ್ಗೆ. ಸುಮಾರು ಎರಡು ದಶಕ ಆರ್‌ಸಿಂಕಿನ ಹೆಚ್ಚಿನ ಭಾರ ಹೊತ್ತವರು ವೇಯ್ನ್ ಡೇವಿಸನ್ ಎಂಬ ಒಬ್ಬರು. ಈ ದೋಷಗಳು ಬಂದಾಗ ಮೂಲ ಲೇಖಕ ಟ್ರಿಜೆಲ್ ಅವರೂ ಪರಿಹಾರಕ್ಕೆ ಕೈಹಾಕಿದರು, ತಾವು ಹುಟ್ಟುಹಾಕಿದ ಕೋಡಿಗೆ ಮರಳಿ ಬಂದು. ಲಕ್ಷಾಂತರ ಸರ್ವರ್‌ಗಳು ನಿಂತಿರುವುದು ಹೀಗೆ ಒಬ್ಬಿಬ್ಬರ ಬಿಡುವಿನ ಹೊತ್ತಿನ ಮೇಲೆ. ನಿಮ್ಮ ಊರಿನ ಕಾಲೇಜಿನಲ್ಲಿ ಸಿ ಕಲಿಯುತ್ತಿರುವ ಹುಡುಗಿಯೋ ಹುಡುಗನೋ ಇದ್ದರೆ, ಈ ಪ್ಯಾಚ್‌ಗಳನ್ನು ತೋರಿಸಿ ಒಟ್ಟಿಗೆ ಕೂತು ಓದಿ. ಕೋಡ್ ಮುಕ್ತವಾಗಿದೆ, ತಿದ್ದುಪಡಿಗಳೂ ಮುಕ್ತವಾಗಿವೆ. ಪಠ್ಯದಲ್ಲಿ ಓದುವ ಬಫರ್ ಓವರ್‌ಫ್ಲೋ ನಿಜವಾದ ಕೋಡಿನಲ್ಲಿ ಹೇಗಿರುತ್ತದೆ, ಅದನ್ನು ಹೇಗೆ ಮುಚ್ಚುತ್ತಾರೆ ಎಂದು ತೋರಿಸಲು ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ಮೇಲಿನವರ ಅನುಮತಿ ಬೇಕಾದರೆ, ಬ್ಯಾಕಪ್ ಒಂದು ರಾತ್ರಿ ತಡವಾದರೂ ಪರವಾಗಿಲ್ಲವೇ ಎಂದು ಲಿಖಿತವಾಗಿ ಕೇಳಿ. ಕೇಳುವಾಗ ಆ ಯಂತ್ರದಿಂದ ಯಾವ ಯಾವ ಸರ್ವರಿಗೆ ಪಾಸ್‌ವರ್ಡ್ ಇಲ್ಲದೆ ಹೋಗಬಹುದು ಎಂಬ ಪಟ್ಟಿಯನ್ನೂ ಜೊತೆಗಿಡಿ. ಪಟ್ಟಿ ತಯಾರಿಸಲು ಹತ್ತು ನಿಮಿಷ ಸಾಕು. ಅದನ್ನು ನೋಡಿದ ಮೇಲೆ ಬೇಡ ಎನ್ನುವ ಮೇಲಧಿಕಾರಿ ಸಿಗುವುದು ಕಷ್ಟ.

ಇತಿ,
ನಿಮ್ಮ ಹಾಗೆಯೇ ಬ್ಯಾಕಪ್ ನೋಡಿಕೊಳ್ಳುವ ಒಬ್ಬ ಗೆಳೆಯ